ಅವ್ವನ ತೂತು ಬಟ್ಟಲು

ಹುಣಸೆಹಣ್ಣು ಹಚ್ಚಿ ತಿಕ್ಕಿದ ಹಿತ್ತಾಳೆಗೆ ಒಂದು ವಾಸನೆ ಇರುತ್ತದೆ. ಒಂದಿಷ್ಟು ಹುಳಿ, ಒಂದಿಷ್ಟು ಲೋಹ. ತೊಳೆದರೂ ಬೆರಳಿನಿಂದ ಬೇಗ ಹೋಗುವುದಿಲ್ಲ. ಮೊನ್ನೆ ಪಕ್ಕದ ಮನೆಯ ಸೊಸೆ ಆ ವಾಸನೆಯ ಕೈಯಲ್ಲೇ ಏನನ್ನೋ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದಳು. ಎಲ್ಲೋ ಹಳೆ ಸಾಮಾನಿನ ಅಂಗಡಿಯಲ್ಲಿ ದೀಪ ಎಂದು ಕೊಂಡಳಂತೆ. ಬತ್ತಿ ಹಚ್ಚಿದರೆ ಎಣ್ಣೆಯೆಲ್ಲ ಮೂತಿಯಿಂದ ಸುರಿದು ದೇವರ ಪೀಠ ಹಾಳಾಯಿತಂತೆ. ನೋಡುತ್ತೇನೆ, ಒಳಲೆ! ಹಸುಗೂಸಿಗೆ ಹಾಲು ಕುಡಿಸುವ ಒಳಲೆ. ಅದಕ್ಕೆ ಬತ್ತಿ ಇಟ್ಟು, ಹೂವು ಮುಡಿಸಿ, ನಮಸ್ಕಾರ ಬೇರೆ ಮಾಡಿದ್ದಾಳೆ. ನನಗೆ ನಗು ತಡೆಯಲಾಗಲಿಲ್ಲ. ಆದರೆ ಅದನ್ನು ಕೈಗೆ ತೆಗೆದುಕೊಂಡು, ತಿರುಗಿಸಿ, ತಳ ನೋಡಿ, ಉಗುರಿನಿಂದ ತಟ್ಟಿ ಕಿವಿಗೆ ಹಿಡಿದಾಗ ನಗು ನಿಂತುಹೋಯಿತು. ಹೀಗೆ ತಟ್ಟಿ ಕಿವಿಗೆ ಹಿಡಿಯುವುದನ್ನು ನನಗೆ ಯಾರೂ ಕಲಿಸಿದ್ದಲ್ಲ. ಒಬ್ಬರು ಮಾಡುವುದನ್ನು ನೋಡಿದ್ದೆ, ಅಷ್ಟೆ...

ನಾನು ಗುಂಡ್ಲುಪೇಟೆಗೆ ಸೊಸೆಯಾಗಿ ಬಂದಾಗ ನಯಾಪೈಸೆ ಇನ್ನೂ ಬಂದಿರಲಿಲ್ಲ. ನನಗೆ ಹದಿನೇಳೋ ಹದಿನೆಂಟೋ. ಅತ್ತೆ ಮನೆಯಿಂದ ನಾಲ್ಕು ಮನೆ ಆಚೆ, ಬಸ್ಸು ನಿಲ್ಲುವ ಕಡೆಗೆ ಬೀದಿ ತಿರುಗುವ ಮೂಲೆಯಲ್ಲಿ ಒಂದು ಪಾತ್ರೆ ಅಂಗಡಿ ಇತ್ತು. ಗಂಡನ ಊರಿನ ಹಿರಿಯರೆಲ್ಲ ಹೆಣ್ಣಿಗೆ ಮಾವಂದಿರೇ ಅಲ್ಲವೆ, ಹಾಗಾಗಿ ಆ ಅಂಗಡಿಯವರು ನನಗೆ ಪಾತ್ರೆ ಮಾವ. ಅರವತ್ತು ದಾಟಿದ್ದ ಮನುಷ್ಯ. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಕೋಟಿನ ಜೇಬಿನಲ್ಲಿ ಸರಪಳಿ ಹಾಕಿದ ಗಡಿಯಾರ. ಮಾತು ಕಡಿಮೆ, ಆಡಿದರೆ ಕಡ್ಡಿ ಮುರಿದಂತೆ.

ಹಳೆಯ ತಾಮ್ರ ಹಿತ್ತಾಳೆ ಕೊಟ್ಟರೆ ತೂಕಕ್ಕೆ ತಕ್ಕಂತೆ ಹೊಸ ಪಾತ್ರೆ ಕೊಡುವುದು ಅವರ ವ್ಯಾಪಾರ. ಬಂದ ಹಳೆಯದನ್ನೆಲ್ಲ ಕರಗಿಸಲು ಕಳಿಸುತ್ತಿದ್ದರು. ಆದರೆ ಅದರಲ್ಲಿ ಅವರದೊಂದು ಕಟ್ಟುನಿಟ್ಟು ಇತ್ತು. ಯಾವ ವಸ್ತುವೇ ಆಗಲಿ, ಅದು ಯಾತಕ್ಕೆ ಎಂದು ಗೊತ್ತಾಗುವ ತನಕ ಕರಗಿಸಲು ಕೊಡುತ್ತಿರಲಿಲ್ಲ. ಗೊತ್ತಾಗದವನ್ನೆಲ್ಲ ಗಲ್ಲಾಪೆಟ್ಟಿಗೆಯ ಹಿಂದಿನ ಹಲಗೆಯ ಮೇಲೆ ಸಾಲಾಗಿ ಇಟ್ಟಿರುತ್ತಿದ್ದರು. ಊಟಿ ರಸ್ತೆ, ಕೇರಳದ ರಸ್ತೆ ಎರಡೂ ನಮ್ಮೂರಲ್ಲೇ ಸೇರುವುದರಿಂದ ಘಟ್ಟದ ಮೇಲಿನವು, ಘಟ್ಟದ ಆಚೆಯವು, ಏನೇನೋ ವಿಚಿತ್ರಗಳು ಆ ಹಲಗೆಗೆ ಬಂದು ಕೂರುತ್ತಿದ್ದವು. ಒಂದು ಸಲ ಮೊಳ ಉದ್ದದ ಹಿತ್ತಾಳೆ ಕೊಳವೆ ಬಂತಂತೆ, ಒಳಗೊಂದು ತೂತು ತೂತಿನ ಬಿಲ್ಲೆ. ಹುಕ್ಕಾ ಎಂದವರುಂಟು, ಎತ್ತಿಗೆ ಔಷಧಿ ಹುಯ್ಯುವ ಗೊಟ್ಟ ಎಂದವರುಂಟು. ಇವರು ಮೂರು ತಿಂಗಳು ಅದನ್ನು ಇಟ್ಟುಕೊಂಡು, ಕೊನೆಗೆ ಮಲೆಯಾಳಿ ಟೀ ಅಂಗಡಿಯವನನ್ನು ಕರೆಸಿ ಕೇಳಿದರು. ಅದು ಅವರ ಕಡೆಯ ಅಕ್ಕಿಹಿಟ್ಟಿನ ತಿಂಡಿ ಪುಟ್ಟು ಬೇಯಿಸುವ ಕೊಳವೆ ಎಂದು ಅವನು ಹೇಳಿದರೂ ಸಾಲದೆ, ಅದರಲ್ಲೇ ಪುಟ್ಟು ಮಾಡಿಸಿ ತಿಂದು ನೋಡಿದ ಮೇಲೆಯೇ ಕರಗಿಸಲು ಕಳಿಸಿದರಂತೆ.

ಮೊಟ್ಟೆ ಬಟ್ಟಲಿನ ಕತೆಯಂತೂ ನಮ್ಮತ್ತೆಯ ಬಾಯಲ್ಲಿ ನೂರು ಸಲ ಕೇಳಿದ್ದೇನೆ. ಬಿಳಿಯರು ದೇಶ ಬಿಟ್ಟಾಗ ಊಟಿಯ ಬಂಗಲೆಗಳ ಸಾಮಾನೆಲ್ಲ ಹರಾಜಾಗಿ ಕೆಳಗೆ ಬಂತಲ್ಲ, ಆಗ ಆರು ಪುಟ್ಟ ಬಟ್ಟಲು ಬಂದವಂತೆ. ಬೆಳ್ಳಿ ನೀರು ಹಾಕಿದವು, ಕಾಲು ಉಳ್ಳವು, ವಿಭೂತಿ ಗಟ್ಟಿ ಇಡಲು ಅಳತೆ ತೆಗೆದು ಮಾಡಿದಂತೆ ಇದ್ದವು. ಪಾತ್ರೆ ಮಾವ ನೋಡಿದರು, ವಿಭೂತಿ ಬಟ್ಟಲೇ ಸರಿ ಎಂದರು. ಬೀದಿಯ ಆರು ಮನೆಯವರು ಒಂದೊಂದು ಕೊಂಡರು, ನಮ್ಮತ್ತೆಯೂ ಕೊಂಡರು. ಒಂದು ವರ್ಷ ಅದರಿಂದಲೇ ವಿಭೂತಿ ತೆಗೆದು ಹಣೆಗೆ ಇಟ್ಟುಕೊಂಡು ಪೂಜೆ ಮಾಡಿದರು. ಆಮೇಲೆ ಊಟಿಯಲ್ಲಿ ಬಟ್ಲರ್ ಆಗಿದ್ದ ಒಬ್ಬ ಮುದುಕ ಬಸ್ಸಿಗೆ ಕಾಯುತ್ತಾ ಅಂಗಡಿಗೆ ಬಂದವನು, ಒಂದು ಮನೆಯವರು ತಿಕ್ಕಿಸಲು ತಂದಿದ್ದ ಬಟ್ಟಲು ನೋಡಿ ನಕ್ಕನಂತೆ. ಬೇಯಿಸಿದ ಕೋಳಿಮೊಟ್ಟೆಯನ್ನು ಕೂರಿಸಿ ಚಮಚದಿಂದ ತಿನ್ನುವ ಬಟ್ಟಲು ಅದು!

ಬೇರೆ ವ್ಯಾಪಾರಿಯಾಗಿದ್ದರೆ ಆ ಮುದುಕನಿಗೆ ಒಂದು ಬೀಡಿ ಕೊಟ್ಟು ಬಾಯಿ ಮುಚ್ಚಿಸುತ್ತಿದ್ದ. ಪಾತ್ರೆ ಮಾವ ಅವತ್ತೇ ಆರೂ ಮನೆಗೆ ಹೋಗಿ, ಬಾಗಿಲಲ್ಲೇ ನಿಂತು, ಇದು ಮೊಟ್ಟೆಯದು, ನನ್ನಿಂದ ತಪ್ಪಾಯಿತು ಎಂದು ಹೇಳಿ ವಾಪಸ್ಸು ಇಸಿದುಕೊಂಡರು. ಬೈಗುಳ ತಿಂದರು. ಎರಡು ಮನೆಯವರು ಅವರ ಅಂಗಡಿಯ ಮೆಟ್ಟಿಲು ಹತ್ತುವುದನ್ನೇ ಬಿಟ್ಟರು. ನಮ್ಮತ್ತೆ ಮೂರು ದಿನ ದೇವರ ಮನೆಗೆ ಗಂಜಲ ಹಾಕಿ ಸಾರಿಸಿದರು, ಬೈದೂ ಬೈದರು, ಆದರೆ ಆ ಅಂಗಡಿ ಬಿಡಲಿಲ್ಲ. "ಯೋಳ್ದೆ ಇದ್ದಿದ್ರ ನಮ್ಗೇನ್ ಗೊತ್ತಾಯ್ತಿತ್ತಾ? ಆ ಮನುಸ ಸುಳ್ಳು ಆಡ ಜಾತಿ ಅಲ್ಲ" ಎಂದು ಕತೆ ಮುಗಿಸುತ್ತಿದ್ದರು.

ಇಂಥ ಮನುಷ್ಯನ ಹತ್ತಿರ ನನ್ನ ಬಟ್ಟಲು ಹೋಗಬೇಕಾಯಿತು.

ನಮ್ಮ ಕಡೆ ಮದುವೆಯಾದ ಹೆಣ್ಣು ಗಂಡನ ಮನೆಗೆ ಬಂದ ದಿನ ತವರಿನ ಬಳುವಳಿ ಪಾತ್ರೆಗಳನ್ನು ಜಗಲಿಯ ಮೇಲೆ ಹರಡಿಡುತ್ತಿದ್ದರು. ಬೀದಿಯ ಹೆಂಗಸರು ಬಂದು ಎತ್ತಿ, ತೂಗಿ, ಗಟ್ಟಿಯೋ ತೆಳುವೋ ಎಂದು ಹೇಳಿ ಹೋಗುವುದು ರೂಢಿ. ನನ್ನ ತವರು ಸಂತೆಮರಹಳ್ಳಿ. ಅವ್ವ ನನಗೆ ಐದು ವರ್ಷವಿದ್ದಾಗಲೇ ತೀರಿಕೊಂಡಿದ್ದಳು. ಅಪ್ಪ ಅವಳ ಪೆಟ್ಟಿಗೆಯನ್ನು ಹಾಗೇ ನನ್ನ ಜೊತೆ ಕಳಿಸಿದ್ದ. ಪೆಟ್ಟಿಗೆಯ ತಳದಲ್ಲಿ, ಅವ್ವನ ಧಾರೆ ಸೀರೆಯ ಮಡಿಕೆಯೊಳಗೆ ಒಂದು ತಾಮ್ರದ ಬಟ್ಟಲು ಸಿಕ್ಕಿತು. ಬೊಗಸೆಯಷ್ಟು ದೊಡ್ಡದು, ಕಾಗದದಷ್ಟು ತೆಳು. ನಾನೂ ಅದನ್ನು ಅವತ್ತೇ ನೋಡಿದ್ದು. ಹಿಗ್ಗಿನಿಂದ ತಂದು ಸಾಲಿನ ತುದಿಯಲ್ಲಿ ಇಟ್ಟೆ.

ಒಬ್ಬಾಕೆ ಅದನ್ನೆತ್ತಿ ಬೆಳಕಿಗೆ ಹಿಡಿದಳು. ತಳದ ನಡುಮಧ್ಯೆ ಸೂಜಿ ತೂರುವಷ್ಟು ಒಂದು ತೂತು.

ಆಮೇಲೆ ಶುರುವಾಯಿತು ನೋಡಿ. ಒಬ್ಬೊಬ್ಬರ ಬಾಯಲ್ಲಿ ಒಂದೊಂದು. ಕೂಸಿನ ನೆತ್ತಿಗೆ ಹರಳೆಣ್ಣೆ ತೊಟ್ಟಿಕ್ಕಿಸುವುದು ಎಂದಳು ಒಬ್ಬಳು. ಕಡುಬಿನ ಪಾತ್ರೆಯ ಮುಚ್ಚಳ, ಹಬೆ ಹೋಗಲು ತೂತು ಎಂದಳು ಇನ್ನೊಬ್ಬಳು. ಮತ್ತೊಬ್ಬಳು ದನಿ ತಗ್ಗಿಸಿ, ಮಾಟ ಮಾಡುವವರು ಇಂಥದ್ದು ಇಟ್ಟುಕೊಳ್ಳುತ್ತಾರೆ ಎಂದಳು. ತೂತು ಪಾತ್ರೆ ಕೊಟ್ಟು ಕಳಿಸಿದರೆ ಸೇರಿದ ಮನೆಯಲ್ಲಿ ಏನೂ ನಿಲ್ಲದಿರಲಿ ಎಂದು ಅರ್ಥವಂತೆ, ಅದನ್ನು ಹೇಳಿದವಳು ಯಾರು ಎಂದು ನೆನಪಿಲ್ಲ. ಅತ್ತೆಯ ಮುಖ ಕಪ್ಪಿಟ್ಟಿತು. ನಾನು ಕಣ್ಣು ಕಣ್ಣು ಬಿಡುತ್ತಾ ನಿಂತಿದ್ದೆ. ನನ್ನ ಅವ್ವನದೇ ವಸ್ತು, ಅದು ಯಾತಕ್ಕೆ ಎಂದು ನನಗೇ ಗೊತ್ತಿಲ್ಲ.

ಅತ್ತೆ ಕೆಟ್ಟವರಲ್ಲ. ಆದರೆ ಒಂದು ತಲೆಗೆ ಹೊಕ್ಕರೆ ಮುಗಿಯಿತು. ಆಷಾಢಕ್ಕೆ ನಾನು ತವರಿಗೆ ಹೊರಟಾಗ ಆ ಬಟ್ಟಲನ್ನು ನನ್ನ ಟ್ರಂಕಿಗೆ ತುರುಕಿದರು. "ಇದ್ಯಾಕ ಕೊಟ್ರು ಅಂತ ನಿಮ್ಮಪ್ಪನ್ನ ಕೇಳ್ಕಂಡು ಬಾ. ಉತ್ರ ಸಿಕ್ಕೋ ಗಂಟ ಅಲ್ಲೇ ಇರು" ಎಂದರು. ನನ್ನ ಗಂಡ ಭೀಮನಬೀಡಿನ ಹೊಲಕ್ಕೆ ಹೋಗಿದ್ದವರು ಅವತ್ತು ಬೇಕೆಂದೇ ತಡಮಾಡಿ ಬಂದರು.

ಅಪ್ಪನನ್ನು ಕೇಳಿದೆ. ಅವನು ಎತ್ತಿನ ಮೈ ತಿಕ್ಕುತ್ತಿದ್ದವನು ತಲೆ ಎತ್ತಲಿಲ್ಲ. "ನಿಮ್ಮವ್ವಂದು. ಅವಳ ಪೆಟ್ಗೆಲಿತ್ತು. ನಂಗೇನ್ ಗೊತ್ತಮ್ಮಿ?" ಎಂದ. ಮತ್ತೆ ಕೇಳಿದೆ, ಮತ್ತೆ ಅದೇ. ಶ್ರಾವಣ ಬಂತು, ಕರೆದುಕೊಂಡು ಹೋಗಲು ಯಾರೂ ಬರಲಿಲ್ಲ. ಶ್ರಾವಣವೂ ಅರ್ಧ ಕಳೆಯಿತು. ಕೊನೆಗೆ ಅಪ್ಪನೇ ನನ್ನನ್ನು ಬಸ್ಸಿನಲ್ಲಿ ಗುಂಡ್ಲುಪೇಟೆಗೆ ಕರೆತಂದು, ಬಸ್ಸು ಇಳಿಸಿ, "ಇನ್ ನೀನೇ ಓಗವ್ವ" ಎಂದು ಅದೇ ಬಸ್ಸಿನಲ್ಲಿ ವಾಪಸ್ಸಾದ. ಬೀಗರ ಮುಖ ನೋಡುವ ಧೈರ್ಯ ಯಾಕಿರಲಿಲ್ಲ ಅವನಿಗೆ ಎಂದು ನನಗೆ ತಲೆಬುಡ ತಿಳಿಯಲಿಲ್ಲ. ಟ್ರಂಕು ಹಿಡಿದುಕೊಂಡು ಬೀದಿಯ ಮೂಲೆಯ ತನಕ ಬಂದೆ. ಉತ್ತರವಿಲ್ಲದೆ ಮನೆಗೆ ಹೇಗೆ ಹೋಗಲಿ? ಪಾತ್ರೆ ಅಂಗಡಿಯ ಮೆಟ್ಟಿಲು ಹತ್ತಿಬಿಟ್ಟೆ.

ಮಾವ ನನ್ನನ್ನು ನೋಡಿದರು, ಟ್ರಂಕನ್ನು ನೋಡಿದರು. ಬಟ್ಟಲನ್ನು ಇಸಿದುಕೊಂಡು ತಿರುಗಿಸಿದರು, ತಳ ನೋಡಿದರು, ಉಗುರಿನಿಂದ ತಟ್ಟಿ ಕಿವಿಗೆ ಹಿಡಿದರು. ತೂತಿನೊಳಗಿಂದ ಬೀದಿಯ ಬೆಳಕು ನೋಡಿದರು. ಆಮೇಲೆ ಒಂದೇ ಒಂದು ಮಾತು ಕೇಳಿದರು, "ನಿಮ್ಮವ್ವನ ತೌರು ಯಾವ ಕಡೆಯವ್ವ?"

ಬದನಗುಪ್ಪೆಯ ಹತ್ತಿರ ಎಂದೆ.

ಅವರು ಸುಮ್ಮನಾದರು. ಎಷ್ಟು ಹೊತ್ತು ಎಂದರೆ, ಗಿರಾಕಿಯೊಬ್ಬ ಬಂದು ಚೊಂಬಿನ ಬೆಲೆ ಕೇಳಿ, ಉತ್ತರ ಬಾರದೆ ಹೊರಟುಹೋದ. ಕೊನೆಗೆ, "ಬಟ್ಲು ಇಲ್ಲಿರ್ಲಿ. ನಾನು ನೋಡ್ತಾವ್ನಿ ಅಂತ ನಿಮ್ಮತ್ತೆಗ ಯೋಳು. ಮನೆಗ ಓಗು ಈಗ" ಎಂದರು. ಹೇಳಿದೆ. ಅತ್ತೆ ಒಳಗೆ ಬಿಟ್ಟುಕೊಂಡರು. ಪಾತ್ರೆಯವರು ಏನು ಹೇಳುತ್ತಾರೋ ನೋಡೋಣ, ಅಲ್ಲಿಯವರೆಗೆ ಇರು ಎಂದರು. ನಾನು ಆ ಮನೆಯಲ್ಲಿ ಉಳಿಯುವುದೋ ಬಿಡುವುದೋ ಒಂದು ಬಟ್ಟಲಿನ ಮೇಲೆ ನಿಂತಿತ್ತು. ಈಗ ಹೇಳಿದರೆ ಯಾರು ನಂಬುತ್ತಾರೆ?

ನಾಲ್ಕನೆಯ ದಿನ ಮಧ್ಯಾಹ್ನ ತಡೆಯಲಾರದೆ ಅಂಗಡಿಗೆ ಹೋದೆ. ಒಂದು ದೊಡ್ಡ ಕೊಳದಪ್ಪಲೆಯ ತುಂಬ ನೀರು ಇಟ್ಟುಕೊಂಡು ಮಾವ ಅದರ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ನೀರಿನ ಮೇಲೆ ನನ್ನ ಬಟ್ಟಲು ತೇಲುತ್ತಿತ್ತು. ಅಂಗೈಯಲ್ಲಿ ಅವರ ಗಡಿಯಾರ. ನನ್ನ ನೆರಳು ಬಿದ್ದ ಕೂಡಲೇ ಬಟ್ಟಲನ್ನು ಎತ್ತಿಬಿಟ್ಟರು. "ಎಷ್ಟು ಸೋರ್ತದ ಅಂತ ನೋಡ್ತಿದ್ದಿ" ಎಂದರು. ಸೋರುವುದು ನೋಡಲು ನೀರನ್ನು ಒಳಗೆ ತುಂಬಿಸಬೇಕಲ್ಲವೆ, ನೀರಿನ ಮೇಲೆ ಯಾಕೆ ಬಿಟ್ಟರು ಎಂದು ಅರೆಗಳಿಗೆ ಅನಿಸಿತು. ಆದರೆ ಅವರಿಗಿಂತ ನನಗೆ ಹೆಚ್ಚು ಗೊತ್ತೆ?

ಮಾರನೆಯ ದಿನ ಅವರೇ ನಮ್ಮ ಮನೆಗೆ ಬಂದರು. ಮೊಟ್ಟೆ ಬಟ್ಟಲಿನ ದಿನದ ಹಾಗೆ ಬಾಗಿಲಲ್ಲೇ ನಿಂತರು. ಇದು ಧಾರಾಪಾತ್ರೆ, ಈಶ್ವರನ ಲಿಂಗದ ಮೇಲೆ ತೂಗುಹಾಕಿ ತೊಟ್ಟು ತೊಟ್ಟಾಗಿ ನೀರು ಬೀಳಿಸುವುದು ಎಂದರು. ಅತ್ತೆಯ ಬಾಯಿ ಅರ್ಧ ತೆರೆಯಿತು.

"ದಿಟವಾ ಬಾವ? ತೂಗಾಕಕ್ಕ ಬಳೆನೇ ಇಲ್ವಲ್ಲ."

"ಬಿದ್ದೋಗವ. ಹಾಕ್ಸಿಕೊಡ್ತೀನಿ. ನಾನು ಯಾವತ್ತಾರ ಸುಳ್ಳು ಯೋಳಿದ್ದೀನಾ ಅವ್ವ?"

ಅತ್ತೆ ಎರಡೂ ಕೈ ಮುಗಿದರು, ಅವರಿಗಲ್ಲ, ಬಟ್ಟಲಿಗೆ. ಮಾಟದ ಬಟ್ಟಲು ಒಂದೇ ಮಾತಿಗೆ ಶಿವನ ಬಟ್ಟಲಾಯಿತು. ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಯಿತು. ಸೊಸೆಯ ತವರಿನಿಂದ ಧಾರಾಪಾತ್ರೆ ಬಂದಿದೆ, ಎಂಥ ದೈವಭಕ್ತರ ಮನೆಯೋ ಎಂದು ಅದೇ ಹೆಂಗಸರು ಹೇಳಿಕೊಂಡು ತಿರುಗಿದರು. ಬೀದಿಯ ಕೊನೆಯ ಈಶ್ವರನ ಗುಡಿಗೆ ಅದನ್ನು ಒಪ್ಪಿಸುವುದೆಂದು ಅತ್ತೆ ತೀರ್ಮಾನ ಮಾಡಿದರು. ಎರಡು ತಿಂಗಳ ಮೇಲೆ ಅವತ್ತು ನಾನು ಹೊಟ್ಟೆ ತುಂಬ ಉಂಡೆ.

ಬಳೆ ಹಾಕುವ ದಿನ ಅತ್ತೆ ನನ್ನನ್ನೇ ಅಂಗಡಿಗೆ ಕಳಿಸಿದರು. ಅಂಥ ಕೆಲಸಕ್ಕೆಲ್ಲ ಮಾವ ಕಂಚುಗಾರರನ್ನು ಕರೆಯುವುದು ವಾಡಿಕೆ, ಅವತ್ತು ತಾವೇ ಕೂತಿದ್ದರು. ಬಟ್ಟಲಿನ ಅಂಚಿಗೆ ಮೂರು ಕಡೆ ತೂತು ಕೊರೆದು ಬಳೆ ಸೇರಿಸಿದರು. ಆಮೇಲೆ ತಳದ ತೂತಿನ ಮೇಲೆ ಮೊಳೆಯ ತುದಿ ಇಟ್ಟು, ಸುತ್ತಿಗೆ ಎತ್ತಿ, ನಿಲ್ಲಿಸಿದರು. "ಈ ತೂತು ಸಣ್ಣದು. ಧಾರೆ ಬೀಳಕ್ಕ ದೊಡ್ಡದು ಮಾಡ್ಬೇಕಾಯ್ತದ. ಮಾಡ್ಲಾ?" ಎಂದರು. ಮಾಡಿ ಮಾವ ಎಂದೆ. ಸುತ್ತಿಗೆ ಕೆಳಗಿಟ್ಟು ಮುಖದ ಬೆವರು ಒರೆಸಿಕೊಂಡರು. "ನಿಮ್ಮವ್ವಂದು ಕಣವ್ವ. ನೀನೇ ಯೋಳ್ಬೇಕು. ಮಾಡ್ಬುಡ್ಲಾ?" ಎಂದು ಮತ್ತೆ ಕೇಳಿದರು. ನನಗೆ ರೇಗಿತು. ಅತ್ತೆ ಕಾಯುತ್ತಿದ್ದಾರೆ, ಗುಡಿಯಲ್ಲಿ ಅಯ್ಯನವರು ಕಾಯುತ್ತಿದ್ದಾರೆ, ಇವರದೇನು ರಾಗ ಎಂದುಕೊಂಡು "ಬೇಗ ಮಾಡಿ ಮಾವ" ಎಂದೆ. ಒಂದೇ ಪೆಟ್ಟು. ಮೊಳೆ ತೆಗೆದಾಗ ತೂತು ಮೆಣಸಿನ ಕಾಳಿನಷ್ಟಾಗಿತ್ತು.

ಮುಂದಿನ ವರ್ಷ ನನಗೆ ಮಗಳು ಹುಟ್ಟಿದಳು. ತೊಟ್ಟಿಲಿಗೆ ಹಾಕುವ ದಿನ ಚಾಮರಾಜನಗರದಿಂದ ದೊಡ್ಡಮ್ಮ, ಅಂದರೆ ನಮ್ಮವ್ವನ ಅಕ್ಕ, ಬಂದಳು. ಅವ್ವ ಸತ್ತ ಮೇಲೆ ಅವಳಿಗೂ ಅಪ್ಪನಿಗೂ ಮಾತು ಬಿಟ್ಟುಹೋಗಿ, ನನ್ನ ಮದುವೆಗೂ ಬಂದಿರಲಿಲ್ಲ. ಕೂಸನ್ನು ಎತ್ತಿಕೊಂಡು ಎಲ್ಲರೂ ಈಶ್ವರನ ಗುಡಿಗೆ ಹೋದೆವು. ಅತ್ತೆ ಹೆಮ್ಮೆಯಿಂದ ಮೇಲೆ ತೋರಿಸಿದರು. ದೊಡ್ಡಮ್ಮ ನೋಡಿದಳು, ನೋಡುತ್ತಲೇ ನಿಂತಳು. ಬಟ್ಟಲಿನಿಂದ ನೀರು ಬೀಳುತ್ತಿತ್ತು. ಅವಳ ಕಣ್ಣಿನಿಂದಲೂ ಬಿತ್ತು. ಭಕ್ತಿ ಎಂದುಕೊಂಡರು ಅತ್ತೆ.

ಗುಡಿಯಿಂದ ವಾಪಸ್ಸು ಬರುವಾಗ ದೊಡ್ಡಮ್ಮ ನನ್ನ ಕೈ ಹಿಡಿದು ನಿಧಾನ ಮಾಡಿ, ಅತ್ತೆಯನ್ನು ಮುಂದೆ ಹೋಗಲು ಬಿಟ್ಟಳು. "ಅಯ್ಯೋ ಕೂಸೇ, ಅದ್ಕ ಮೊಳೆ ಒಡ್ದೋರು ಯಾರು?" ಎಂದಳು. ಆಮೇಲೆ ಹೇಳಿದಳು. ಅದು ಗಳಿಗೆ ಬಟ್ಟಲು. ನೀರಿನ ಮೇಲೆ ಬಿಟ್ಟರೆ ಆ ಸೂಜಿ ತೂತಿನಿಂದ ಒಳಗೆ ನೀರು ಏರುತ್ತಾ ಏರುತ್ತಾ ಸರಿಯಾಗಿ ಒಂದು ಗಳಿಗೆಗೆ, ಈಗಿನ ಲೆಕ್ಕದಲ್ಲಿ ಇಪ್ಪತ್ತನಾಲ್ಕು ನಿಮಿಷಕ್ಕೆ, ಮುಳುಗುತ್ತದೆ. ಗಡಿಯಾರ ಇಲ್ಲದ ಕಾಲದಲ್ಲಿ ಮದುವೆಯ ಮುಹೂರ್ತ ನೋಡುತ್ತಿದ್ದುದು ಅದರಿಂದಲೇ. ನಮ್ಮವ್ವನ ಅಪ್ಪನ ಕೆಲಸವೇ ಅದಾಗಿತ್ತು. ಮದುವೆ ಮದುವೆಗೆ ಬಟ್ಟಲು ಹೊತ್ತುಕೊಂಡು ಹೋಗಿ, ಕಣ್ಣರೆಪ್ಪೆ ಮುಚ್ಚದೆ ಕೂತು, ಮುಳುಗಿದಾಗ ಗಳಿಗೆ ಆಯಿತು ಎಂದು ಕೂಗಿ, ಕೊಟ್ಟಷ್ಟು ಭತ್ತ ಕಟ್ಟಿಕೊಂಡು ಬರುತ್ತಿದ್ದ. ಬದನಗುಪ್ಪೆಯ ಕಡೆಯಿಂದ ಈ ಗುಂಡ್ಲುಪೇಟೆಯ ತನಕ ಬರುತ್ತಿದ್ದನಂತೆ. ಅವನಿಗೆ ಕಣ್ಣು ಮಂಜಾದ ಮೇಲೆ ಪಕ್ಕದಲ್ಲಿ ಕೂತು ನೋಡಿ ಹೇಳುತ್ತಿದ್ದವಳು ಅವ್ವ.

"ನಿಮ್ಮತ್ತೆ ಮನೆಲಿ ಬಾಯ್ ಬುಡ್ಬ್ಯಾಡ. ನಿಮ್ಮಪ್ಪ ನಿನ್ ಮದುವೆ ಮಾತಾಡುವಾಗ ನಮ್ಮಪ್ಪಂಗ ಹತ್ತೆಕರೆ ಗದ್ದೆ ಇತ್ತು ಅಂತ ಯೋಳವ್ನಂತ" ಎಂದಳು ದೊಡ್ಡಮ್ಮ.

ಹಾಗಾದರೆ ಅಪ್ಪನಿಗೆ ಗೊತ್ತಿತ್ತು! ಗೊತ್ತಿದ್ದೂ ಎತ್ತಿನ ಮೈ ತಿಕ್ಕುತ್ತಾ ಕೂತಿದ್ದ. ಊರೂರಿಗೆ ಹೋಗಿ ಭತ್ತಕ್ಕೆ ಕಾಯುತ್ತಿದ್ದವನ ಮೊಮ್ಮಗಳು ಎಂದು ಅವತ್ತು ಹೊರಬಿದ್ದಿದ್ದರೆ ನಾನು ಸಂತೆಮರಹಳ್ಳಿಯಲ್ಲೇ ಉಳಿಯುತ್ತಿದ್ದೆ, ಅದು ಖಂಡಿತ. ಅವ್ವ ನೀರಿನ ಪಾತ್ರೆಯ ಮುಂದೆ ಕೂತು, ಮಾತಾಡಬೇಡ ಎಂದು ನನಗೆ ಬೆರಳು ತೋರಿಸಿದ್ದು ಅವತ್ತು ನೆನಪಾಯಿತು. ಅದು ನಿಜವಾಗಿ ನಡೆದದ್ದೋ, ದೊಡ್ಡಮ್ಮ ಹೇಳಿದ ಮೇಲೆ ನಾನೇ ಕಟ್ಟಿಕೊಂಡದ್ದೋ, ಈ ವಯಸ್ಸಿಗೂ ಗೊತ್ತಾಗಿಲ್ಲ...

ಆದರೆ ಆಗ ನನಗೆ ಸಿಟ್ಟು ಬಂದದ್ದು ಅಪ್ಪನ ಮೇಲಲ್ಲ, ಪ್ರಪಂಚದ ವಸ್ತುವೆಲ್ಲ ತಿಳಿದವರಂತೆ ಕೂತಿದ್ದ ಪಾತ್ರೆ ಮಾವನ ಮೇಲೆ. ಗೊತ್ತಿಲ್ಲದಿದ್ದರೆ ಹಲಗೆಯ ಮೇಲೆ ಇಡಬೇಕಿತ್ತು. ಪುಟ್ಟು ಕೊಳವೆಗೆ ಮೂರು ತಿಂಗಳು ಕೊಟ್ಟವರು ನನ್ನ ಅವ್ವನ ಬಟ್ಟಲಿಗೆ ಐದು ದಿನ ಕೊಟ್ಟರು. ನನ್ನ ಅವ್ವ ಕಣ್ಣಿಟ್ಟು ಕಾದ ತೂತನ್ನು ಮೊಳೆ ಹೊಡೆದು ಕೆಡಿಸಿಬಿಟ್ಟರು. ಇನ್ನು ಅದು ಎಂದೂ ಗಳಿಗೆ ತೋರಿಸದು. ನೀರಿನ ಮೇಲೆ ಅದು ತೇಲುತ್ತಿದ್ದುದು, ಅವರ ಕೈಯಲ್ಲಿ ಗಡಿಯಾರ ಇದ್ದುದು, ಯಾವುದೂ ಆಗ ನನ್ನ ನೆನಪಿಗೆ ಬರಲಿಲ್ಲ. ಸಿಟ್ಟಿನಲ್ಲಿ ಮನುಷ್ಯರಿಗೆ ಬೇಕಾದದ್ದಷ್ಟೇ ನೆನಪಾಗುವುದು.

ಬಾಣಂತನ ಮುಗಿದ ಮೇಲೆ ಒಂದು ಸಂತೆಯ ದಿನ ಅಂಗಡಿಯ ಮುಂದೆ ಹೋಗುತ್ತಿದ್ದೆ. ಹಳ್ಳಿಯ ಒಬ್ಬಾಕೆ ಏನೋ ಒಂದು ಕಬ್ಬಿಣದ್ದನ್ನು ತಂದು ಇದೇನು ಎಂದು ಮಾವನನ್ನು ಕೇಳುತ್ತಿದ್ದಳು. ಸುತ್ತ ಐದಾರು ಗಿರಾಕಿಗಳಿದ್ದರು. ನನ್ನ ನಾಲಗೆ ಹಿಡಿತ ತಪ್ಪಿತು. ಮೆಟ್ಟಿಲ ಮೇಲೆ ನಿಂತು, "ಇವ್ರ್ ಯೋಳದೆಲ್ಲ ನಂಬ್ಕಬ್ಯಾಡ ಕಣಕ್ಕ. ಗೊತ್ತಿಲ್ದಿದ್ರೂ ಗೊತ್ತು ಅಂತಾರ" ಎಂದುಬಿಟ್ಟೆ. ಅಷ್ಟು ಜನರ ಮುಂದೆ, ಒಂದು ಮನೆಯ ಸೊಸೆ, ಹಿರಿಯ ಮನುಷ್ಯನಿಗೆ.

ಮಾವ ನನ್ನ ಮುಖವನ್ನೇ ನೋಡಿದರು. ಬೈಯುತ್ತಾರೆ ಎಂದುಕೊಂಡೆ, ಬೈದರೆ ತಿರುಗಿಸಿ ಕೊಡಲು ಮಾತು ಕೂಡ ಜೋಡಿಸಿಕೊಂಡಿದ್ದೆ. ಅವರು ಕಣ್ಣು ಕೆಳಗೆ ಹಾಕಿದರು.

"ಅವಳು ಯೋಳದು ದಿಟ. ನಂಗ ಎಲ್ಲಾ ಗೊತ್ತಿಲ್ಲ ಕಣವ್ವ. ಬೇರೆಯವ್ರ ಕೇಳು" ಎಂದು ಆ ಕಬ್ಬಿಣದ್ದನ್ನು ಹೆಂಗಸಿಗೆ ವಾಪಸ್ಸು ಕೊಟ್ಟರು.

ನನಗೆ ಗೆದ್ದ ಹಾಗೆ ಅನಿಸಲಿಲ್ಲ. ಆದರೂ ತಲೆ ಎತ್ತಿಕೊಂಡೇ ನಡೆದು ಬಂದೆ. ಮಾತು ಊರಲ್ಲಿ ಹರಡಿತು. ಪಾತ್ರೆಯವರೇ ತಮಗೆ ಗೊತ್ತಿಲ್ಲ ಎಂದು ಒಪ್ಪಿಕೊಂಡರಂತೆ, ಇಷ್ಟು ವರ್ಷ ಬಾಯಿಗೆ ಬಂದದ್ದು ಹೇಳುತ್ತಿದ್ದರಂತೆ ಎಂದು ನಗಾಡಿದರು. ಜನ ಅವರ ಹತ್ತಿರ ವಸ್ತು ತರುವುದು ಕಡಿಮೆಯಾಯಿತು. ತಂದವರಿಗೂ ಅವರು ಗೊತ್ತಿಲ್ಲ ಎಂದೇ ಹೇಳುತ್ತಿದ್ದರಂತೆ. ಹಲಗೆ ಖಾಲಿಯಾಯಿತು. ನಾನು ಆ ಮೆಟ್ಟಿಲು ಹತ್ತಲಿಲ್ಲ. ನೀರಿಗೆ ಹೋಗುವಾಗಲೂ ಸುತ್ತು ಬಳಸಿ ಹೋಗುತ್ತಿದ್ದೆ.

ಹೀಗೆ ಮೂರು ವರ್ಷವೇ ಕಳೆಯಿತೇನೋ. ಸೇರು ಹೋಗಿ ಕಿಲೋ ಬರುತ್ತಿದ್ದ ಕಾಲ. ಒಂದು ಬೆಳಿಗ್ಗೆ ಅತ್ತೆ ನನ್ನ ಕೈಗೆ ಅಂಬಲಿಯ ಚೊಂಬು ಕೊಟ್ಟು, ಪಾತ್ರೆ ಬಾವನಿಗೆ ಕೊಟ್ಟು ಬಾ, ಅವರಿಗೆ ಬುದ್ಧಿ ನೆಟ್ಟಗಿಲ್ಲವಂತೆ, ಮಗನ ಗುರುತೂ ಹಿಡಿಯುತ್ತಿಲ್ಲವಂತೆ ಎಂದರು. ಬೇಡ ಎನ್ನಲು ಕಾರಣ ಹೇಳುವಂತಿರಲಿಲ್ಲ. ಹೋದೆ.

ಅವರು ಅಂಗಡಿಯ ಹಿಂದಿನ ಜಗಲಿಯಲ್ಲಿ ಕೂತಿದ್ದರು. ಹಣೆಯ ವಿಭೂತಿ ಯಾರೋ ಇಟ್ಟದ್ದು, ಸೊಟ್ಟಗಿತ್ತು. ಕೈಯಲ್ಲೊಂದು ಹಿತ್ತಾಳೆ ಸೌಟು. ಅದನ್ನು ತಿರುಗಿಸಿದರು, ಹಿಂಬದಿ ನೋಡಿದರು, ಉಗುರಿನಿಂದ ತಟ್ಟಿ ಕಿವಿಗೆ ಹಿಡಿದರು. ನನ್ನತ್ತ ತಿರುಗಿ, "ಇದ್ಯಾತಕ್ಕವ್ವ?" ಎಂದು ಕೇಳಿದರು.

ನನಗೆ ಮೊದಲು ಅರ್ಥವಾಗಲಿಲ್ಲ. ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಅವರ ಕಣ್ಣು ನೋಡಿದೆ. ಇಲ್ಲ, ನಿಜವಾಗಿಯೂ ಕೇಳುತ್ತಿದ್ದರು.

"ಸೌಟು ಮಾವ. ಸಾರು ಬಡ್ಸಕ್ಕ."

ಅವರ ಮುಖ ಅರಳಿತು. ಪಕ್ಕದಲ್ಲಿದ್ದ ಚೊಂಬನ್ನು ಎತ್ತಿಕೊಟ್ಟರು, ನೀರು ಕುಡಿಯಲು ಎಂದೆ. ಜರಡಿ ಕೊಟ್ಟರು, ಹಿಟ್ಟು ಜಾಲಿಸಲು ಎಂದೆ. ಹೀಗೆ ಒಂದೊಂದೇ ವಸ್ತು ಅವರು ಕೊಡುವುದು, ನಾನು ಹೇಳುವುದು. ಹೇಳುತ್ತಾ ಹೇಳುತ್ತಾ ನನ್ನ ಸಿಟ್ಟು ಎಲ್ಲಿ ಹೋಯಿತೋ. ಅಳು ಬರುತ್ತಿತ್ತು. ಹೀಗೆ ಎಲ್ಲವನ್ನೂ ಮರೆತ ಮನುಷ್ಯನಲ್ಲಿ ಕೇಳಿದರೆ ನಷ್ಟವೇನು ಎನಿಸಿ, ನಾನೂ ಒಂದು ಕೇಳಿದೆ. ಎರಡೂ ಅಂಗೈ ಬಟ್ಟಲಿನಂತೆ ಜೋಡಿಸಿ ಹಿಡಿದು, "ಇಷ್ಟು ಅಗಲ ಮಾವ, ತಾಮ್ರದ್ದು, ತಳದಲ್ಲಿ ಸೂಜಿಯಷ್ಟು ತೂತು. ಅದ್ಯಾತಕ್ಕ?" ಎಂದೆ.

ಅವರು ಬೆಚ್ಚಿದರು. ಬೀದಿಯ ಕಡೆ ಒಮ್ಮೆ ನೋಡಿ, ಬಾಗಿ, ದನಿ ತಗ್ಗಿಸಿದರು.

"ಧಾರಾಪಾತ್ರೆ. ಯಾರ್ ಕೇಳುದ್ರೂ ಅಂಗೇ ಯೋಳವ್ವ. ನಿಮ್ಮತ್ತೆ ಮುಂದ ಗಳಿಗೆ ಗಿಳಿಗೆ ಅಂದ್ಬುಟ್ಟೀಯೆ, ಉಸಾರು."

ಸೌಟು ಯಾವುದೆಂದು ತಿಳಿಯದವರು, ಮಗ ಯಾರೆಂದು ತಿಳಿಯದವರು ಇದೊಂದನ್ನು ಹಿಡಿದುಕೊಂಡು ಕೂತಿದ್ದರು. ಬದನಗುಪ್ಪೆ ಎಂದ ಕೂಡಲೇ ಸುಮ್ಮನಾದದ್ದು, ನೀರಿನ ಮುಂದೆ ಗಡಿಯಾರ ಹಿಡಿದು ಕೂತದ್ದು, ಮೊಳೆ ಇಟ್ಟು ಎರಡು ಸಲ ಕೇಳಿದ್ದು, ಎಲ್ಲ ಒಟ್ಟಿಗೆ ಬಂದು ಮೈಮೇಲೆ ಬಿತ್ತು. ತಪ್ಪಾಯಿತು ಮಾವ ಎನ್ನಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರು ನನ್ನನ್ನು ಮೊದಲ ಸಲ ನೋಡಿದವರಂತೆ ನೋಡಿ, "ನೀ ಯಾರ ಮಗಳವ್ವ?" ಎಂದರು. ಹಾಗಾದರೆ ಈಗ ತಾನೆ ಯಾರಿಗೆ ಹೇಳಿದರು? ನನ್ನ ಗುರುತು ಹಿಡಿದು ಹೇಳಿದರೋ, ಯಾವುದೋ ಟ್ರಂಕು ಹಿಡಿದ ಹುಡುಗಿ ಅವರ ತಲೆಯಲ್ಲಿ ಇನ್ನೂ ಮೆಟ್ಟಿಲ ಮೇಲೆ ನಿಂತಿದ್ದಳೋ... ನನಗೆ ಗೊತ್ತಿಲ್ಲ. "ಅಂಗೇ ಯೋಳ್ತೀನಿ ಮಾವ" ಎಂದಷ್ಟೇ ಹೇಳಿ ಅಂಬಲಿ ಕುಡಿಸಿ ಬಂದೆ. ಆ ವರ್ಷ ರಾಗಿ ಕೊಯ್ಲಿಗೆ ಮೊದಲೇ ಅವರು ತೀರಿಕೊಂಡರು.

ಪಕ್ಕದ ಮನೆಯ ಸೊಸೆಗೆ ಇದೆಲ್ಲ ಹೇಳಲಿಲ್ಲ, ಒಳಲೆ ಎಂದು ಹೇಳಿ ಕಳಿಸಿದೆ. ಅವಳು ಹೋದ ಮೇಲೆ ಬಹಳ ಹೊತ್ತು ಕೂತಿದ್ದೆ. ಅತ್ತೆ ಇರುವ ತನಕ ನಾನು ಬಾಯಿ ಬಿಡುವಂತಿರಲಿಲ್ಲ, ಅವರು ತೊಂಬತ್ತು ವರ್ಷ ಬದುಕಿದರು. ಗುಡಿಯನ್ನು ಕೆಡವಿ ಹೊಸದಾಗಿ ಕಟ್ಟಿದಾಗ ಬಟ್ಟಲು ಎಲ್ಲಿಗೆ ಹೋಯಿತೋ, ಕೇಳಿದರೆ ಯಾರಿಗೂ ತಿಳಿಯದು. ಅದು ಹೋದದ್ದಕ್ಕೆ ಈಗ ಅಷ್ಟು ದುಃಖವಿಲ್ಲ. ಮಾವನ ಅಂಗಡಿಯ ಮೆಟ್ಟಿಲ ಮೇಲೆ ಅವತ್ತು ನಾನು ಆಡಿದ ಮಾತನ್ನು ಕೇಳಿದವರು ಐದಾರು ಜನ ಇದ್ದರು. ಅವರನ್ನು ಒಬ್ಬೊಬ್ಬರನ್ನೇ ಹುಡುಕಿಕೊಂಡು ಹೋಗಬೇಕು, ಮಾವ ಮಾಡಿದ್ದ ಹಾಗೆ ಬಾಗಿಲಲ್ಲೇ ನಿಂತು, ನನ್ನಿಂದ ತಪ್ಪಾಯಿತು ಎನ್ನಬೇಕು ಎಂದು ಎಷ್ಟೋ ವರ್ಷ ಅಂದುಕೊಂಡಿದ್ದೆ. ಅತ್ತೆ ಹೋದ ಮೇಲೆ ಲೆಕ್ಕ ಹಾಕಿ ನೋಡಿದರೆ ಆ ಐದಾರು ಜನರಲ್ಲಿ ಒಬ್ಬರೂ ಉಳಿದಿರಲಿಲ್ಲ. ಈಗ ಆ ಬೀದಿಯಲ್ಲಿ ಪಾತ್ರೆ ಮಾವ ಎಂದರೆ ಯಾರು ಎನ್ನುತ್ತಾರೆ. ಅವರಿಗೆ ಗೊತ್ತಿತ್ತು ಎಂದು ನಾನು ಯಾರಿಗೆ ಹೇಳಲಿ?